ಔಷಧಿ ಹೊಡಿಯೋ ಪಂಪಿನ ಅಲ್ಯೂಮಿನಿಯಂ ಕಾಲು ಮುರಿದಿದೆ, ಮನೇಲಿರೋ ವೆಲ್ಡಿಂಗ್ ಮೆಷಿನ್‌ನಲ್ಲೇ ಅಲ್ಯೂಮಿನಿಯಂ ರಾಡ್ ಹಾಕಿ ಕೂರಿಸ್ಬಹುದಾ?

ದ್ರಾಕ್ಷಿತೋಟ_ಚಿಕ್ಕಬಳ್ಳಾಪುರ

ಎಲ್ರಿಗೂ ನಮಸ್ಕಾರ. ವೆಲ್ಡಿಂಗ್ ಗೊತ್ತಿರೋರು ಇದ್ರೆ ಸ್ವಲ್ಪ ಬೇಗ ಹೇಳಿ ಪ್ಲೀಸ್. ನಮ್ದು ದಿಲ್‌ಖುಷ್ ದ್ರಾಕ್ಷಿ ತೋಟ, ಔಷಧಿ ಹೊಡಿಯೋಕೆ ಮೂರು ಪಿಸ್ಟನ್ನಿನ ಎಚ್‌ಟಿಪಿ ಪಂಪು ಇಟ್ಕೊಂಡಿದೀವಿ, ಡೀಸೆಲ್ ಇಂಜಿನ್ನಿಂದ ಬೆಲ್ಟ್ ಹಾಕಿ ಓಡ್ಸೋದು. ಪಂಪಿನ ಕ್ರ್ಯಾಂಕ್‌ಕೇಸು (ಕ್ರ್ಯಾಂಕು, ಆಯಿಲ್ ಇರೋ ಬಾಡಿ) ಅಲ್ಯೂಮಿನಿಯಂ ಎರಕ, ಕೆಳಗಡೆ ಫ್ರೇಮಿಗೆ ಬೋಲ್ಟ್ ಹಾಕೋಕೆ ನಾಲ್ಕು ಕಾಲು ಇರ್ತವಲ್ಲ, ಅದ್ರಲ್ಲಿ ಪುಲ್ಲಿ ಕಡೆದು ಒಂದು ಕಾಲು ಬೋಲ್ಟ್ ತೂತಿನ ಹತ್ರ ಮುರ್ಕೊಂಡು ಕೈಗೇ ಬಂತು, ಇನ್ನೊಂದು ಕಾಲಿನ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಕಾಣ್ತಾ ಐತೆ, ಅದು ಆಯಿಲ್ ಇರೋ ಕಡೆಗೆ ಹೋಗ್ತಾ ಐತೇನೋ ಅಂತ ಭಯ.

ಮೋಡ ಬಿಡ್ತಿಲ್ಲ, ಎಲೆ ಕೆಳಗೆ ಡೌನಿ ರೋಗ ಶುರು ಆಗೈತೆ, ಇನ್ನೆರಡು ದಿನದಲ್ಲಿ ಹೊಡೀಲೇಬೇಕು. ಹೊಸ ಕ್ರ್ಯಾಂಕ್‌ಕೇಸ್ ಕೇಳಿದ್ರೆ ಅಂಗಡಿಯವ್ರು ಆರ್ಡರ್ ಹಾಕ್ಬೇಕು ವಾರ ಆಗುತ್ತೆ ಅಂತಾರೆ. ಮನೇಲಿ 200 ಆಂಪಿಯರ್‌ದು ಇನ್ವರ್ಟರ್ ವೆಲ್ಡಿಂಗ್ ಮೆಷಿನ್ ಐತೆ, ಗೇಟು, ಚಪ್ಪರದ ಆಂಗಲ್, ಟ್ರೇಲರ್ ಕೆಲಸ ಎಲ್ಲಾ ಕಬ್ಬಿಣಕ್ಕೆ ಹಾಕೋ 6013 ರಾಡಲ್ಲಿ ನಾನೇ ಮಾಡ್ಕೊಳ್ತೀನಿ. ಇದೇ ಮೆಷಿನ್‌ಗೆ ಹಾಕೋ ಅಲ್ಯೂಮಿನಿಯಂ ರಾಡ್ ಸಿಗುತ್ತೆ ಅಂತ ಒಬ್ರು ಹೇಳಿದ್ರು, ಇನ್ನೊಬ್ರು ಅದೆಲ್ಲ ಸುಳ್ಳು ಆರ್ಗಾನ್ ಗ್ಯಾಸಿನ ವೆಲ್ಡಿಂಗೇ ಆಗ್ಬೇಕು ಅಂದ್ರು. ಯೂಟ್ಯೂಬಲ್ಲಿ ಒಬ್ಬ ಮಾಮೂಲಿ 6013 ರಾಡಿಗೇ ಅಲ್ಯೂಮಿನಿಯಂ ವೈರ್ ಸುತ್ತಿ ಹಾಕ್ತಾನೆ. ಯಾವುದು ನಿಜ?

ಮಾಲೂರು_ಫ್ಯಾಬ್ರಿಕೇಶನ್

ಅಣ್ಣ ಮೊದಲು ಆ ಯೂಟ್ಯೂಬ್ ವಿಷಯ ಮುಗಿಸಿಬಿಡೋಣ. ಕಬ್ಬಿಣದ ರಾಡು ಅಲ್ಯೂಮಿನಿಯಂಗೆ ಹಿಡಿಯಲ್ಲ. ಎರಡೂ ಕರಗಿ ಸೇರಿದ ಜಾಗದಲ್ಲಿ ಗಾಜಿನಷ್ಟು ಪೆಡಸಾದ ಪದರ ಕೂರುತ್ತೆ, ಸುತ್ತಿಗೇಲಿ ಒಂದೇಟು ಕೊಟ್ರೆ ಉದುರುತ್ತೆ. ವೈರ್ ಸುತ್ತಿದ್ರೂ ಅಷ್ಟೇ. ದಯವಿಟ್ಟು ಅದನ್ನ ಮಾಡ್ಬೇಡಿ, ಇರೋ ಕಾಲೂ ತೂತಾಗುತ್ತೆ.

ಆದ್ರೆ ಅಲ್ಯೂಮಿನಿಯಂ ರಾಡ್ ಇರೋದು ನಿಜ, ನಿಮ್ಮ ಮೆಷಿನ್‌ಗೆ ಆಗೋದೂ ನಿಜ. ಪ್ಯಾಕೆಟ್ ಮೇಲೆ ಇ4043 ಅಂತ ಇರುತ್ತೆ ನೋಡಿ, ಒಳಗಿನ ಕಡ್ಡಿ ಅಲ್ಯೂಮಿನಿಯಂ ಜೊತೆ ಸುಮಾರು 5 ಪರ್ಸೆಂಟ್ ಸಿಲಿಕಾನ್, ಮೇಲೆ ಬಿಳಿ ಫ್ಲಕ್ಸ್, ಅಂದ್ರೆ ಲೋಹದ ಮೇಲಿನ ಪೊರೆ ಒಡೆಯೋ ಲೇಪ. ಎರಕದ ಅಲ್ಯೂಮಿನಿಯಂನಲ್ಲಿ ಸಾಮಾನ್ಯವಾಗಿ ಸಿಲಿಕಾನ್ ಇದ್ದೇ ಇರುತ್ತೆ, ಅದಕ್ಕೆ ನಿಮ್ಮ ಪಂಪಿಗೆ ಇದೇ ರಾಡ್ ಹೊಂದೋದು. ಚಿಕ್ಕಬಳ್ಳಾಪುರದಲ್ಲಿ ಸಿಗದಿದ್ರೆ ಬೆಂಗಳೂರಿನ ಪೀಣ್ಯ ಕಡೆ ವೆಲ್ಡಿಂಗ್ ಸಾಮಾನಿನ ಅಂಗಡೀಲಿ ಕೇಳಿ. 6013ಗಿಂತ ರೇಟು ತುಂಬಾ ಜಾಸ್ತಿ, ಬಿಡಿಬಿಡಿಯಾಗೂ ಕೊಡ್ತಾರೆ.

ಬಿಡಿ ರಾಡ್ ತಗೊಳ್ಳೋ ಕಡೆನೇ ಎಚ್ಚರ ಬೇಕು. ಇದರ ಫ್ಲಕ್ಸು ಕ್ಲೋರೈಡ್, ಫ್ಲೋರೈಡ್ ಉಪ್ಪುಗಳದ್ದು, ಗಾಳೀಲಿರೋ ತೇವಾನ ಹೀರ್ಕೊಳ್ಳುತ್ತೆ. ಪ್ಯಾಕೆಟ್ ಒಡೆದು ಕೌಂಟರ್ ಮೇಲೆ ತಿಂಗಳುಗಟ್ಟಲೆ ಇಟ್ಟಿರೋ ರಾಡ್ ಕೊಟ್ರೆ ಬೇಡ ಅನ್ನಿ. ತೇವ ಹಿಡಿದ ರಾಡಿಂದ ಹೈಡ್ರೋಜನ್ ಕರಗಿದ ಅಲ್ಯೂಮಿನಿಯಂ ಒಳಗೆ ಹೋಗುತ್ತೆ, ಆರೋವಾಗ ಹೊರಗೆ ಬರೋಕಾಗದೆ ಅಲ್ಲಲ್ಲೇ ಸಣ್ಣ ತೂತಾಗಿ ನಿಲ್ಲುತ್ತೆ, ಮೇಲಿಂದ ನೋಡಿದ್ರೆ ವೆಲ್ಡ್ ಚೆನ್ನಾಗೇ ಕಾಣುತ್ತೆ ಒಳಗೆಲ್ಲ ಪೊಳ್ಳು. ಅಲ್ಯೂಮಿನಿಯಂ ರಾಡ್ ಹಾಕಿದ್ರೂ ನಿಲ್ಲಲಿಲ್ಲ ಅಂತ ಬೈಯೋರಲ್ಲಿ ಎಷ್ಟೋ ಜನ ಹಾಕಿರೋದು ಇಂಥ ರಾಡೇ. ಸೀಲ್ ಇರೋ ಪ್ಯಾಕೆಟ್ ತಗೊಳ್ಳಿ, ಕೆಲಸ ಶುರು ಮಾಡೋವಾಗಷ್ಟೇ ಒಡೀರಿ, ಉಳಿದಿದ್ದನ್ನ ಗಾಳಿ ಆಡದ ಡಬ್ಬಿಗೆ ಹಾಕಿಡಿ. ಒಣಗಿಸೋದಾದ್ರೆ ಪ್ಯಾಕೆಟ್ ಮೇಲೆ ಎಷ್ಟು ಡಿಗ್ರಿ ಬರೆದಿದೆಯೋ ಅಷ್ಟೇ, ಅಡುಗೆ ಮಾಡೋ ಓವನ್ನಲ್ಲಿ ಮಾತ್ರ ಇಡಬೇಡಿ, ಅದು ಫ್ಲೋರೈಡು.

ಎರಡನೇದು ಪೋಲಾರಿಟಿ. ಹೋಲ್ಡರ್ ಪ್ಲಸ್‌ಗೆ, ಅರ್ತಿಂಗ್ ಮೈನಸ್‌ಗೆ. 6013 ಹೇಗೆ ಹಾಕಿದ್ರೂ ಹೊತ್ಕೊಳ್ಳುತ್ತೆ ಅದಕ್ಕೆ ತುಂಬಾ ಜನ ಈ ಕಡೆ ಗಮನಾನೇ ಕೊಡಲ್ಲ, ಇಲ್ಲಿ ಉಲ್ಟಾ ಆದ್ರೆ ಕೆಲಸ ಕೆಟ್ಟಂಗೇ. ನಿಮ್ದು ಇನ್ವರ್ಟರ್, ಡಿಸಿ ಬರುತ್ತೆ, ಒಳ್ಳೇದಾಯ್ತು. ಹಳೇ ಎಸಿ ಟ್ರಾನ್ಸ್‌ಫಾರ್ಮರ್ ಮೆಷಿನ್ ಇದ್ದಿದ್ರೆ ಬೇಡ ಅಂತಿದ್ದೆ.

ಇನ್ನು ಕ್ರ್ಯಾಂಕ್‌ಕೇಸ್ ಪೂರ್ತಿ ಬಿಚ್ಚಿ. ಕ್ರ್ಯಾಂಕು, ಬೇರಿಂಗು, ಆಯಿಲ್ ಸೀಲು ಎಲ್ಲಾ ಹೊರಗೆ ಬರ್ಬೇಕು. ಒಂದು, ಬಿಸಿಗೆ ಸೀಲ್ ಸುಟ್ಟೋಗುತ್ತೆ. ಇನ್ನೊಂದು, ಬೇರಿಂಗ್ ಒಳಗಿಂದ ಕರೆಂಟ್ ಹಾದ್ರೆ ಗುಂಡುಗಳ ಮೇಲೆ ಸುಟ್ಟ ಕಲೆ ಬೀಳುತ್ತೆ, ಆಮೇಲೆ ಸೌಂಡ್ ಬರೋಕೆ ಶುರು. ಅರ್ತಿಂಗ್ ಕ್ಲ್ಯಾಂಪ್ ನೇರ ಎರಕದ ಮೇಲೇ ಹಾಕಿ, ಫ್ರೇಮಿಗಲ್ಲ.

ದ್ರಾಕ್ಷಿತೋಟ_ಚಿಕ್ಕಬಳ್ಳಾಪುರ

ತುಂಬಾ ಥ್ಯಾಂಕ್ಸ್ ಅಣ್ಣ. ಸೀಲ್ ಪ್ಯಾಕೆಟ್ ತರೋಕೆ ನಮ್ಮುಡುಗ ನಾಳೆ ಬೆಂಗಳೂರಿಗೆ ಹೋಗ್ತಾನೆ. ಎಷ್ಟು ಸೈಜಿಂದು ತರ್ಲಿ, ಆಂಪ್ಸ್ ಎಷ್ಟಿಡ್ಲಿ? ಕಾಲಿನ ದಪ್ಪ ಸುಮಾರು 8 ಎಂಎಂ ಐತೆ. ಎರಕದ ಒಳಗೆಲ್ಲ ಆಯಿಲ್ ಕುಡಿದು ಕಪ್ಪಾಗೈತೆ, ಹೊರಗಡೆ ಬಿಳಿ ಪುಡಿ ಬಂದು ಸಣ್ಣ ಸಣ್ಣ ಗುಳಿ ಬಿದ್ದೈತೆ, ಅದು ಯಾಕೆ ಅಂತ ಗೊತ್ತಿಲ್ಲ.

ಮಾಲೂರು_ಫ್ಯಾಬ್ರಿಕೇಶನ್

8 ಎಂಎಂ ಅಂದ್ರೆ ಧೈರ್ಯವಾಗಿ ಕೈ ಹಾಕ್ಬಹುದು. 3 ಎಂಎಂಗಿಂತ ತೆಳ್ಳಗಿದ್ರೆ ಈ ರಾಡಲ್ಲಿ ನಾನು ಮುಟ್ಟಲ್ಲ. 10 ನಂಬರ್ ರಾಡ್ ತರ್ಸಿ, ಅಂದ್ರೆ 3.15 ಎಂಎಂ, 80ರಿಂದ 110 ಆಂಪಿಯರ್ ಒಳಗೆ ಕೂರುತ್ತೆ. 12 ನಂಬರ್, 2.5 ಎಂಎಂದು ಆದ್ರೆ 50ರಿಂದ 80. ಮೊದಲು ಯಾವುದಾದ್ರೂ ಗುಜರಿ ಎರಕದ ತುಂಡಿನ ಮೇಲೆ ಹಾಕಿ ನೋಡಿ, ಪಂಪಿನ ಮೇಲೆ ಕಲಿಯೋಕೆ ಹೋಗ್ಬೇಡಿ.

ಆ ಬಿಳಿ ಪುಡಿ, ಗುಳಿ ಬಿದ್ದಿರೋದು ಬಹುಶಃ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದು ತೊಳೀದೆ ಇಟ್ಟಿದ್ದರಿಂದ. ಮೈಲುತುತ್ತದಲ್ಲಿರೋ ತಾಮ್ರ ಅಲ್ಯೂಮಿನಿಯಂ ಮೇಲೆ ಕೂತ್ರೆ ಅದನ್ನ ತಿಂತಾ ಹೋಗುತ್ತೆ. ಹೊರಗಡೆ ಚೆಲ್ಲಿದ್ದು ಕಾಲಿನ ಸಂದೀಲಿ ನಿಂತು ಒಣಗಿರುತ್ತೆ ನೋಡಿ, ಅಲ್ಲೇ ಮೊದಲು ಸವೆಯೋದು. ಇನ್ಮೇಲೆ ಔಷಧಿ ಹೊಡೆದಾದ ಮೇಲೆ ಪಂಪಿನ ಮೈಗೂ ನೀರು ಹೊಡೀರಿ. ಈಗ ಆ ಗುಳಿ ಬಿದ್ದಿರೋ ಜಾಗ ಪೂರ್ತಿ ಗ್ರೈಂಡ್ ಮಾಡಿ ಹೊಳೆಯೋ ಲೋಹ ಬರೋವರೆಗೂ ಹೋಗ್ಬೇಕು, ಆ ಪುಡಿ ಮೇಲೆ ರಾಡ್ ಹಿಡಿಯಲ್ಲ.

ಕ್ಲೀನಿಂಗ್ ಹೇಳ್ತೀನಿ, ಇದಕ್ಕೆ ಬೇಜಾರು ಮಾಡ್ಕೋಬೇಡಿ. ಮೊದಲು ಡೀಸೆಲಲ್ಲಿ ಜಿಡ್ಡು ತೆಗೀರಿ, ಸೋಪ್ ಹಾಕಿ ತೊಳೀರಿ, ಒಣಗಿದ ಮೇಲೆ ಥಿನ್ನರ್ ಅಥವಾ ಅಸಿಟೋನ್ ಬಟ್ಟೇಲಿ ಒರೆಸಿ, ಅದು ಪೂರ್ತಿ ಆರಿದ ಮೇಲಷ್ಟೇ ಬೆಂಕಿ ಹತ್ರ ತಗೊಂಡು ಹೋಗಿ. ಸ್ಪ್ರೇ ಡಬ್ಬಿಯ ಬ್ರೇಕ್ ಕ್ಲೀನರ್ ಬಳಸಬೇಡಿ, ಅದರಲ್ಲಿ ಕ್ಲೋರಿನ್ ಇರೋ ಸಾಲ್ವೆಂಟ್ ಇದ್ರೆ ಆರ್ಕಿನ ಬಿಸಿಗೆ ಫಾಸ್ಜೀನ್ ಅನ್ನೋ ವಿಷ ಗ್ಯಾಸ್ ಆಗುತ್ತೆ, ಸ್ವಲ್ಪ ಕುಡಿದ್ರೂ ಪ್ರಾಣಕ್ಕೇ ಬರೋದು. ಆಮೇಲೆ ಎರಕ ಒಳಗೆ ಕುಡಿದಿರೋ ಆಯಿಲ್. ಅದು ಒರೆಸಿದ್ರೆ ಹೋಗಲ್ಲ, ಗ್ಯಾಸ್ ಟಾರ್ಚಲ್ಲಿ ನಿಧಾನಕ್ಕೆ ಬಿಸಿ ಮಾಡಿದ್ರೆ ಬೆವರಿದಂಗೆ ಮೇಲೆ ಬರುತ್ತೆ, ಹೊಗೆ ನಿಲ್ಲೋವರೆಗೂ ಬಿಡಿ, ಒರೆಸಿ, ಮತ್ತೆ ಬಿಸಿ ಮಾಡಿ. ಆಮೇಲೆ ವಿ ಆಕಾರಕ್ಕೆ ಗ್ರೈಂಡ್ ಮಾಡಿ ಹೊಸ ಸ್ಟೇನ್‌ಲೆಸ್ ಬ್ರಶ್ಶಲ್ಲಿ ಉಜ್ಜಿ. ಕಬ್ಬಿಣ ಉಜ್ಜಿರೋ ಬ್ರಶ್ ಬೇಡ. ಈ ಉಜ್ಜೋದು ಯಾಕೆ ಅಂದ್ರೆ ಅಲ್ಯೂಮಿನಿಯಂ ಕರಗೋದು 660 ಡಿಗ್ರೀಲಿ, ಅದರ ಮೇಲಿರೋ ಆಕ್ಸೈಡ್ ಪೊರೆ ಕರಗೋಕೆ 2000 ದಾಟಬೇಕು. ಫ್ಲಕ್ಸ್ ಅದನ್ನ ಒಡೆಯುತ್ತೆ, ದಪ್ಪಗಿದ್ರೆ ಅದ್ರ ಕೈಲೂ ಆಗಲ್ಲ.

ಬಿರುಕಿನ ಎರಡೂ ತುದಿ ಹುಡುಕಿ 3 ಎಂಎಂ ಡ್ರಿಲ್ಲಲ್ಲಿ ತೂತು ಹಾಕಿ, ಇಲ್ದಿದ್ರೆ ವೆಲ್ಡ್ ಮಾಡ್ತಿದ್ದಂಗೇ ಅದು ಮುಂದಕ್ಕೆ ಓಡುತ್ತೆ. ತುದಿ ಕಾಣದಿದ್ರೆ ಪೆಟ್ರೋಲ್ ಸವರಿ ಒರೆಸಿ ಸೀಮೆಸುಣ್ಣ ಬಳಿಯಿರಿ, ಬಿರುಕಿದ್ದ ಕಡೆ ಗೆರೆ ಮೂಡುತ್ತೆ. ಇದು ಟಾರ್ಚ್ ಹಚ್ಚೋಕೆ ಮುಂಚೆ, ಬಯಲಲ್ಲಿ.

ವೆಲ್ಡಿಂಗ್ ಶುರು ಮಾಡೋಕೆ ಮುಂಚೆ ಎರಕನ 150 ಡಿಗ್ರಿ ಆಸುಪಾಸಿಗೆ ಬಿಸಿ ಮಾಡಿ. ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಬೇಗ ಬಿಸಿ ಎಳ್ಕೊಂಡು ಹೋಗುತ್ತೆ, ತಣ್ಣಗಿದ್ರೆ ಮೊದಲ ಒಂದಿಂಚು ಮೇಲೆ ಅಂಟಿರುತ್ತೆ ಅಷ್ಟೇ ಒಳಗೆ ಇಳಿದಿರಲ್ಲ. ಇನ್ಫ್ರಾರೆಡ್ ಗನ್ನಲ್ಲಿ ಅಳೆದ್ರೆ ಹೊಳೆಯೋ ಅಲ್ಯೂಮಿನಿಯಂ ಮೇಲೆ ತುಂಬಾ ಕಮ್ಮಿ ತೋರ್ಸುತ್ತೆ, ವೆಲ್ಡ್ ಬರದ ಕಡೆ ಕಪ್ಪು ಮಾರ್ಕರ್ ಬಳಿದು ಅಲ್ಲಿ ಹಿಡೀರಿ. ಕೆಂಪಗಾಗುತ್ತೆ ಅಂತ ಕಾಯ್ಬೇಡಿ, ಅಲ್ಯೂಮಿನಿಯಂ ಬಣ್ಣ ಬದಲಾಗದೆ ಹಾಗೇ ಕುಸಿದು ಬೀಳುತ್ತೆ.

ರಾಡ್ ಓಡ್ಸೋದು ಬೇರೆ ಕೈ. 6013 ತರ ಎಳೆದು ಆಡಿಸೋಕೆ ಟೈಮ್ ಇರಲ್ಲ, ರಾಡ್ ಸರ್ರನೆ ಉರಿದೋಗುತ್ತೆ. ಬೆಂಕಿಕಡ್ಡಿ ಗೀರಿದಂಗೆ ಗೀರಿ ಹೊತ್ತಿಸಿ, ರಾಡ್‌ನ ಹೆಚ್ಚುಕಮ್ಮಿ ನೆಟ್ಟಗೆ ಹಿಡಿದು ಆರ್ಕ್ ಎಷ್ಟು ಗಿಡ್ಡ ಆಗುತ್ತೋ ಅಷ್ಟು ಗಿಡ್ಡ ಇಟ್ಟು ಸೀದಾ ಮುಂದಕ್ಕೆ ಹೋಗ್ತಾ ಇರಿ. ಮಧ್ಯದಲ್ಲಿ ನಿಂತ್ರೆ ರಾಡಿನ ತುದಿಗೆ ಗಾಜಿನಂತ ಫ್ಲಕ್ಸ್ ಟೋಪಿ ಕೂರುತ್ತೆ, ಅದನ್ನ ಒಡೀದೆ ಮತ್ತೆ ಹೊತ್ಕೊಳ್ಳಲ್ಲ. ಎರಡನೇ ಸಲ ಹಾಕೋಕೆ ಮುಂಚೆ ಕೆಳಗಿನ ಸ್ಲ್ಯಾಗ್, ಅಂದ್ರೆ ಫ್ಲಕ್ಸ್ ಗಟ್ಟಿಯಾಗಿ ಕೂತಿರೋ ಪದರ, ಪೂರ್ತಿ ತೆಗೀಬೇಕು. ಬಿಳಿ ಹೊಗೆ ದಟ್ಟವಾಗಿ ಬರುತ್ತೆ, ಬಯಲಲ್ಲೇ ಮಾಡಿ, ಗಾಳಿ ಬೆನ್ನಿಂದ ಬರಂಗೆ ನಿಂತ್ಕೊಳ್ಳಿ, ಮಾಸ್ಕ್ ಹಾಕಿ.

ಕೊನೆಗೆ ತೊಳೆಯೋದು, ಇದನ್ನ ಮಾತ್ರ ಬಿಡ್ಬೇಡಿ. ಈ ಸ್ಲ್ಯಾಗ್ ಅಲ್ಲೇ ಉಳಿದ್ರೆ ತೇವ ಎಳ್ಕೊಂಡು ಅಲ್ಯೂಮಿನಿಯಂನ ಕೊರೀತಾ ಹೋಗುತ್ತೆ. ಎರಕ ಆರಿದ ಮೇಲೆ ಚಿಪ್ ಮಾಡಿ, ಬಿಸಿನೀರು ಹುಯ್ದು ಬ್ರಶ್ಶಲ್ಲಿ ಉಜ್ಜಿ, ಮತ್ತೆ ಬಿಸಿನೀರು, ಮೂಲೆಮೂಲೆ ಬಿಡದೆ. ಎರಕ ಬಿಸಿ ಇರೋವಾಗ ಮಾತ್ರ ನೀರು ಹಾಕ್ಬೇಡಿ, ಸೀಳುತ್ತೆ. ಒಣ ಬೂದೀಲಿ ಮುಚ್ಚಿಟ್ಟು ನಿಧಾನಕ್ಕೆ ಆರೋಕೆ ಬಿಡಿ.

ಗೌರಿಬಿದನೂರು_ಲೇತ್

ಮೇಲೆ ಹೇಳಿರೋದೆಲ್ಲ ಸರಿ, ಆದ್ರೆ ನಾನಾಗಿದ್ರೆ ಅರ್ಜೆಂಟಿಗೆ ವೆಲ್ಡಿಂಗ್‌ಗೇ ಹೋಗ್ತಿರಲಿಲ್ಲ. ಕಾರಣ ಹೇಳ್ತೀನಿ. ಆ ಕ್ರ್ಯಾಂಕ್‌ಕೇಸು ಮರಳಲ್ಲಿ ಎರೆದಿದ್ದೋ ಡೈ ಕಾಸ್ಟಿಂಗೋ ನೋಡಿ. ಮೈ ಒರಟಾಗಿದ್ರೆ ಮರಳಿಂದು, ಅದು ಒಳ್ಳೆ ವೆಲ್ಡ್ ತಗೊಳ್ಳುತ್ತೆ. ಮೈ ನುಣ್ಣಗೆ ಇದ್ದು ಪಿನ್ ತಳ್ಳಿದ ದುಂಡು ಗುರುತು ಇದ್ರೆ ಡೈ ಕಾಸ್ಟಿಂಗು, ಅಚ್ಚಿಗೆ ಪ್ರೆಶರ್‌ನಲ್ಲಿ ತುಂಬೋವಾಗ ಗಾಳಿ ಒಳಗೇ ಸಿಕ್ಕಾಕ್ಕೊಂಡಿರುತ್ತೆ. ವೆಲ್ಡ್ ಮಾಡ್ತಿದ್ದಂಗೆ ಆ ಗಾಳಿ ಹಿಗ್ಗಿ ಗುಳ್ಳೆ ಗುಳ್ಳೆ ಬರುತ್ತೆ. ರಾಡಾಗ್ಲಿ ಆರ್ಗಾನ್ ಆಗ್ಲಿ ಇದರಲ್ಲಿ ವ್ಯತ್ಯಾಸ ಇಲ್ಲ, ಎರಕದ್ದೇ ದೋಷ.

ನಿಮಗೆ ಎರಡು ದಿನ ಟೈಮ್ ಇದೆ ಅಂದ್ರೆ ಹೀಗೆ ಮಾಡಿ. 6 ಎಂಎಂ ಕಬ್ಬಿಣದ ಪ್ಲೇಟಲ್ಲಿ ಎಲ್ ಆಕಾರದ ಬ್ರಾಕೆಟ್ ಮಾಡಿ, ಒಂದು ಕಡೆ ಫ್ರೇಮಿಗೆ ಬೋಲ್ಟು, ಇನ್ನೊಂದು ಕಡೆ ಪಂಪಿನ ಸೈಡ್ ಕವರ್ ಹಿಡಿದಿರೋ ಬೋಲ್ಟುಗಳ ಜಾಗಕ್ಕೇ ಉದ್ದ ಬೋಲ್ಟ್ ಹಾಕಿ ಅದರಲ್ಲೇ ಸೇರಿಸಿ. ಎರಕಕ್ಕೆ ಹೊಸ ತೂತು ಬೇಡ. ನಿಮಗೆ ಕಬ್ಬಿಣದ ಕೆಲಸ ಬರುತ್ತೆ, ಬ್ರಾಕೆಟ್ ಅರ್ಧ ದಿನದ ಕೆಲಸ. ಬಿರುಕಿಂದ ಆಯಿಲ್ ಜಿನುಗ್ತಿದ್ರೆ ಎರಡೂ ತುದಿಗೆ ತೂತು ಹಾಕಿ, ಜಿಡ್ಡು ಪೂರ್ತಿ ತೆಗೆದು, ಮೇಲೆ ಮೆಟಲ್ ಎಪಾಕ್ಸಿ ತುಂಬಿದ್ರೆ ಆಯಿಲ್ ನಿಲ್ಲುತ್ತೆ. ಭಾರ ಬ್ರಾಕೆಟ್ ಹೊರುತ್ತೆ, ಎಪಾಕ್ಸಿ ಕೆಲಸ ಆಯಿಲ್ ತಡೆಯೋದಷ್ಟೇ.

ಇನ್ನೊಂದು ವಿಷಯ ಯಾರೂ ಕೇಳಲಿಲ್ಲ. ಪುಲ್ಲಿ ಕಡೆ ಕಾಲೇ ಯಾಕೆ ಮುರೀತು? ಬೆಲ್ಟ್ ತುಂಬಾ ಬಿಗಿ ಇಟ್ಟಿರ್ತೀರ, ಇಲ್ಲ ಇಂಜಿನ್ ಪುಲ್ಲಿಗೂ ಪಂಪ್ ಪುಲ್ಲಿಗೂ ಲೈನ್ ಇರಲ್ಲ, ಇಲ್ಲ ಫ್ರೇಮ್ ಸೊಟ್ಟಗಾಗಿದ್ದು ನಾಲ್ಕು ಕಾಲಲ್ಲಿ ಮೂರೇ ಕೂತಿರುತ್ತೆ ನಾಲ್ಕನೇದನ್ನ ಬೋಲ್ಟಲ್ಲಿ ಎಳೆದು ಬಗ್ಗಿಸಿರ್ತೀರ. ಬೋಲ್ಟ್ ಎಲ್ಲಾ ಸಡಿಲ ಮಾಡಿ ಕಾಲಿನ ಕೆಳಗೆ ಕಾಗದದ ಚೂರು ತೂರಿಸಿ ನೋಡಿ, ಯಾವ ಕಾಲಿನ ಕೆಳಗೆ ಕಾಗದ ಆಡುತ್ತೋ ಅಲ್ಲಿ ತಗಡಿನ ಪ್ಯಾಕಿಂಗ್ ಕೊಟ್ಟು ಆಮೇಲೆ ಬಿಗೀರಿ. ಎರಡು ಪುಲ್ಲಿಗೂ ಸೇರಿಸಿ ದಾರ ಎಳೆದು ಹಿಡಿದ್ರೆ ಲೈನ್ ಗೊತ್ತಾಗುತ್ತೆ. ಇದನ್ನ ಸರಿ ಮಾಡದೆ ಬಂಗಾರದಂಗೆ ವೆಲ್ಡ್ ಮಾಡಿದ್ರೂ ಪಕ್ಕದಲ್ಲೇ ಮುರಿಯುತ್ತೆ.

ಮಾಲೂರು_ಫ್ಯಾಬ್ರಿಕೇಶನ್

ಬ್ರಾಕೆಟ್ ಐಡಿಯಾ ಒಪ್ಪಿದೆ, ಈ ಸ್ಪ್ರೇ ಅದರಲ್ಲಿ ಮುಗಿಸಿ. ಆದ್ರೆ ಆ ಮುರಿದ ಕಾಲನ್ನ ಎಸೀಬೇಡಿ. ಮರಳೆರಕ ಅಂತ ಗೊತ್ತಾದ್ರೆ ಮಳೆ ಬಿಟ್ಟ ಮೇಲೆ ಸಾವಕಾಶವಾಗಿ ರಾಡ್ ಹಾಕಿ ಕೂರಿಸಿ, ಬ್ರಾಕೆಟ್ಟೂ ಇರ್ಲಿ. ವೆಲ್ಡ್ ಮಾಡೋವಾಗ ಕ್ರ್ಯಾಂಕ್‌ಕೇಸ್‌ನ ದಪ್ಪ ಪ್ಲೇಟಿಗೆ ಬೋಲ್ಟ್ ಹಾಕಿ ಬಿಗಿದಿಟ್ಟು ಮಾಡಿದ್ರೆ ಕಾಲು ಸೊಟ್ಟ ಆಗಲ್ಲ. ಡೈ ಕಾಸ್ಟಿಂಗ್ ಆಗಿದ್ರೆ ಹೊಸ ಕ್ರ್ಯಾಂಕ್‌ಕೇಸೇ ಆರ್ಡರ್ ಹಾಕಿ.

ತಿಪಟೂರು_ತೆಂಗು

ನಮ್ಮ ಕಡೆ ಸಂತೇಲಿ, ಆನ್‌ಲೈನಲ್ಲಿ ಕೂಡ, ಗ್ಯಾಸ್ ಟಾರ್ಚಲ್ಲಿ ಕಾಯ್ಸಿ ಉಜ್ಜೋ ಅಲ್ಯೂಮಿನಿಯಂ ರಾಡ್ ಬಂದಿದಾವೆ, ವೆಲ್ಡಿಂಗ್ ಮೆಷಿನ್ನೇ ಬೇಡ ಅಂತಾರೆ. ಅದು ಹೆಂಗೆ? ನನ್ನತ್ರ ಚೈನ್ ಸಾ ಒಂದೈತೆ ಅದರ ಬಾಡಿ ಒಂದು ಮೂಲೆ ಒಡೆದೋಗೈತೆ, ಅದಕ್ಕೆ ಯಾವುದು ಹಾಕಿದ್ರೆ ಆಗುತ್ತೆ?

ಮಾಲೂರು_ಫ್ಯಾಬ್ರಿಕೇಶನ್

ಸರ್ ಚೈನ್ ಸಾಗೆ ಎರಡೂ ಬೇಡ, ಮೊದಲು ಅದು ಅಲ್ಯೂಮಿನಿಯಮ್ಮೇನಾ ಅಂತ ನೋಡಿ. ಚೈನ್ ಸಾ ಬಾಡಿ ಎಷ್ಟೋ ಮಾಡೆಲ್‌ಗಳಲ್ಲಿ ಮೆಗ್ನೀಷಿಯಂ ಇರುತ್ತೆ, ಕಣ್ಣಿಗೆ ಎರಡೂ ಒಂದೇ ತರ. ಮೆಗ್ನೀಷಿಯಂಗೆ ಬೆಂಕಿ ಹತ್ತಿದ್ರೆ ನೀರು ಹಾಕಿದ್ರೆ ಇನ್ನೂ ಜೋರಾಗುತ್ತೆ. ಒಳಗಡೆ ಕಾಣದ ಜಾಗದಲ್ಲಿ ಅರದಲ್ಲಿ ಸ್ವಲ್ಪ ಉಜ್ಜಿ ಹೊಸ ಲೋಹ ಬಂದ ಮೇಲೆ ಒಂದು ಹನಿ ವಿನಿಗರ್ ಹಾಕಿ. ನೊರೆ ಬಂದು ಗುಳ್ಳೆ ಎದ್ರೆ ಮೆಗ್ನೀಷಿಯಂ, ಬಿಟ್ಬಿಡಿ, ಟಾರ್ಚ್ ಹತ್ರಾನೂ ತರಬೇಡಿ. ಸುಮ್ನಿದ್ರೆ ಅಲ್ಯೂಮಿನಿಯಂ.

ಟಾರ್ಚಲ್ಲಿ ಹಾಕೋ ರಾಡ್ ಮೋಸ ಅಲ್ಲ. ಅದು ಹೆಚ್ಚಾಗಿ ಸತು ಬೆರೆತ ರಾಡು, 400 ಡಿಗ್ರಿ ಆಸುಪಾಸಲ್ಲಿ ಕರಗುತ್ತೆ, ಕೆಳಗಿನ ಅಲ್ಯೂಮಿನಿಯಂ ಕರಗಲ್ಲ, ಅಂದ್ರೆ ಅದು ವೆಲ್ಡಿಂಗ್ ಅಲ್ಲ, ಸೋಲ್ಡರಿಂಗ್ ತರದ ಬೆಸುಗೆ. ರಾಡಿಗೆ ಬೆಂಕಿ ತೋರಿಸಬಾರದು, ಎರಕನ ಕಾಯಿಸಿ ಅದರ ಬಿಸಿಗೇ ರಾಡ್ ಕರಗಬೇಕು. ತೂತು ಮುಚ್ಚೋಕೆ, ಕಿತ್ತೋದ ಮೂಲೆ ತುಂಬೋಕೆ, ಕಿಟಕಿ ಸೆಕ್ಷನ್‌ಗೆ ಪರವಾಗಿಲ್ಲ. ಬಿಸಿಯಾಗೋ ಇಂಜಿನ್ ಭಾಗಕ್ಕೆ, ಅದುರೋ ಪಂಪಿನ ಕಾಲಿಗೆ ನಾನು ಹಾಕಲ್ಲ.

ಶ್ರೀನಿವಾಸಪುರ_ಡೇರಿ

ಅಣ್ಣ ಇದೇ ಜಾಗದಲ್ಲಿ ಒಂದು ಕೇಳ್ತೀನಿ. ನಮ್ಮ ಸಂಘಕ್ಕೆ ಹಾಲು ತರೋ 40 ಲೀಟರ್ ಅಲ್ಯೂಮಿನಿಯಂ ಕ್ಯಾನ್ ತಳದಲ್ಲಿ ಸಣ್ಣ ತೂತಾಗೈತೆ, ಈ ರಾಡಲ್ಲಿ ಒಂದು ಚುಕ್ಕೆ ಇಟ್ರೆ ಸಾಕಲ್ವಾ? ಮನೇಲಿ ಕುಕ್ಕರ್ ಹಿಡಿ ಕೂರೋ ಜಾಗಾನೂ ಬಿರುಕು ಬಿಟ್ಟೈತೆ.

ಮಾಲೂರು_ಫ್ಯಾಬ್ರಿಕೇಶನ್

ಇಲ್ಲ ಅಣ್ಣ, ಹಾಲಿನ ಕ್ಯಾನಿಗೆ ಇದನ್ನ ಹಾಕಲೇಬೇಡಿ. ತಗಡು ತೆಳು, ರಾಡ್ ಇಡ್ತಿದ್ದಂಗೆ ತೂತು ದೊಡ್ಡದಾಗುತ್ತೆ. ಮುಚ್ಚಿದ್ರೂ ಸಣ್ಣ ಸಣ್ಣ ರಂಧ್ರದಲ್ಲಿ ಫ್ಲೋರೈಡ್ ಫ್ಲಕ್ಸ್ ಉಳಿಯುತ್ತೆ, ಹಾಲೂ ಅಲ್ಲೇ ನಿಲ್ಲುತ್ತೆ, ಎಷ್ಟು ತೊಳೆದ್ರೂ ಬ್ರಶ್ ಅಲ್ಲಿಗೆ ಹೋಗಲ್ಲ. ಒಂದು ಕ್ಯಾನಿಂದ ಇಡೀ ಸಂಘದ ಹಾಲು ಕೆಡೋ ಮಾತು. ಸತು ರಾಡ್ ಅಂತೂ ಹಾಲು ಹುಳಿಯಾದ್ರೆ ಕರಗಿ ಅದಕ್ಕೇ ಸೇರುತ್ತೆ. ತಗಡು ಬೇರೆ ಕಡೆ ಸವೆದಿಲ್ಲದಿದ್ರೆ, ಡೇರಿ ಪಾತ್ರೆ ಕೆಲಸ ಮಾಡೋರ ಹತ್ರ ಎಸಿ ಟಿಗ್‌ನಲ್ಲಿ ಆರ್ಗಾನ್ ವೆಲ್ಡ್ ಮಾಡಿಸಿ, ಅಲ್ಲಿ ಫ್ಲಕ್ಸೇ ಇರಲ್ಲ, ಒಳಗಡೆ ನುಣ್ಣಗೆ ಉಜ್ಜಿಸ್ಕೊಳ್ಳಿ, ನೀರು ತುಂಬಿ ಒಂದು ರಾತ್ರಿ ಇಟ್ಟು ನೋಡಿ ತಗೊಳ್ಳಿ. ತಳ ಪೂರ್ತಿ ಗುಳಿ ಬಿದ್ದಿದ್ರೆ ಆ ಕ್ಯಾನ್ ಹಾಲಿಗೆ ಬೇಡ, ಬೂಸಾ ತುಂಬಿಡೋಕೆ ಇಟ್ಕೊಳ್ಳಿ.

ಕುಕ್ಕರ್‌ನ ಯಾವ ವೆಲ್ಡಿಂಗ್‌ನಲ್ಲೂ ರಿಪೇರಿ ಮಾಡಿಸ್ಬೇಡಿ. ಬರೀ ಪ್ಲಾಸ್ಟಿಕ್ ಹಿಡಿ ಬಿರುಕಾಗಿದ್ರೆ ಹೊಸ ಹಿಡಿ ಸಿಗುತ್ತೆ, ಹಾಕ್ಸಿ. ಪಾತ್ರೆ ಲೋಹದಲ್ಲೇ ಬಿರುಕಿದ್ರೆ ಒಳಗೆ ಪ್ರೆಶರ್ ಕಟ್ಟೋದು ಅಲ್ಲೇ, ಇವತ್ತಿಂದಲೇ ಒಲೆ ಮೇಲೆ ಇಡಬೇಡಿ, ಗುಜರಿಗೆ ಹಾಕಿ.